53 ಎನ್ ಎಂಬ ಬಾಟಲಿ

1902ರ ಅಕ್ಟೋಬರ್ 30. ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿ. ಈಗ ಅದು ಪಾಕಿಸ್ತಾನದಲ್ಲಿದೆ, ಮಲಕ್‌ವಾಲ್ ಅಂತ ಕರೆಯುತ್ತಾರೆ. ಅವತ್ತು ಅಲ್ಲಿ 107 ಜನ ಪ್ಲೇಗಿನ ಲಸಿಕೆ ಹಾಕಿಸಿಕೊಂಡರು. ಐದು ಬಾಟಲಿ ಲಸಿಕೆ ಬಿಚ್ಚಿದರು. ನಾಲ್ಕು ಬಾಟಲಿಯಿಂದ ಹಾಕಿಸಿಕೊಂಡವರು ಮನೆಗೆ ಹೋಗಿ ತಮ್ಮ ತಮ್ಮ ಕೆಲಸ ನೋಡಿಕೊಂಡರು. ಐದನೆಯ ಬಾಟಲಿಯ ನಂಬರು 53 ಎನ್. ಅದರಿಂದ ಹಾಕಿಸಿಕೊಂಡಿದ್ದು 19 ಜನ. ಒಂದು ವಾರದ ಹೊತ್ತಿಗೆ ಅವರ ದವಡೆ ಬಿಗಿಯತೊಡಗಿತು. ಬಾಯಿ ತೆರೆಯಲಾಗದು, ನೀರು ನುಂಗಲಾಗದು, ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ. ಧನುರ್ವಾಯು. 19 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಮೈಕ್ರೋಬಯಾಲಜಿ ಪಾಠ ಮಾಡುವ ನನಗೆ ಈ ಪ್ರಕರಣ ಹಳೆಯ ಪರಿಚಯ. ಹೊಸದಾಗಿ ಲ್ಯಾಬಿಗೆ ಬರುವ ಮಕ್ಕಳಿಗೆ ಸೂಕ್ಷ್ಮದರ್ಶಕ ಮುಟ್ಟಲು ಬಿಡುವ ಮೊದಲು ಇದನ್ನು ಹೇಳುತ್ತೇನೆ. ಸಾವಿನ ಸುದ್ದಿ ಹೇಳಿ ಹೆದರಿಸಲಿಕ್ಕಲ್ಲ. ಈ ಪ್ರಕರಣದಲ್ಲಿ ಡಾಕ್ಟರನ್ನು ಕೇಳಿದರು, ಲಸಿಕೆ ಮಾಡಿದವರನ್ನು ಕೇಳಿದರು, ಪುಟಗಟ್ಟಲೆ ಹೇಳಿಕೆ ಬರೆದುಕೊಂಡರು. ಆದರೆ ಅಲ್ಲಿ ಇನ್ನೊಂದು ಸಾಕ್ಷಿ ಇತ್ತು. ಧನುರ್ವಾಯುವಿನ ಬ್ಯಾಕ್ಟೀರಿಯಾ. ಅದು ಹೇಗೆ ಬದುಕುತ್ತದೆ, ಎಲ್ಲಿ ಇರುತ್ತದೆ, ಬೆಳೆದರೆ ಏನು ಗುರುತು ಬಿಡುತ್ತದೆ ಅನ್ನುವುದು ಆಗಲೇ ಗೊತ್ತಿತ್ತು. ಆ ಸಾಕ್ಷಿಯ ಮಾತು ಕೇಳಿಸಿಕೊಳ್ಳಲು ಐದು ವರ್ಷ ಬೇಕಾಯಿತು.

ಮೊದಲು ಬಾಟಲಿ ಎಲ್ಲಿಂದ ಬಂತು ನೋಡೋಣ.

ಲಸಿಕೆ ತಯಾರಾಗಿದ್ದು ಮುಂಬೈನ ಪರೇಲ್‌ನಲ್ಲಿ. ಅದನ್ನು ರೂಪಿಸಿದವರು ವಾಲ್ಡೆಮಾರ್ ಮೊರ್ಡೆಕೈ ಹಾಫ್ಕಿನ್. ಹುಟ್ಟಿದ್ದು 1860ರಲ್ಲಿ, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ಒಡೆಸ್ಸಾ ನಗರದಲ್ಲಿ, ಯಹೂದಿ ಮನೆತನದಲ್ಲಿ. ಬಿಳಿ ರಕ್ತಕಣಗಳು ರೋಗಾಣುಗಳನ್ನು ತಿಂದು ಹಾಕುತ್ತವೆ ಎಂದು ತೋರಿಸಿಕೊಟ್ಟ ಮೆಚ್ನಿಕೋವ್ ಅಲ್ಲಿ ಅವರಿಗೆ ಮೇಷ್ಟ್ರು. ಮುಂದೆ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆ ಸೇರಿದರು. ಅಲ್ಲಿ ಮೊದಲು ಸಿಕ್ಕಿದ್ದು ಗ್ರಂಥಾಲಯದ ಕೆಲಸ. ಪುಸ್ತಕ ಜೋಡಿಸಿ ಉಳಿದ ಹೊತ್ತಿನಲ್ಲಿ ಪ್ರಯೋಗ ಮಾಡುತ್ತಿದ್ದರು. 1892ರ ಜುಲೈ 18ರಂದು ತಾವೇ ಮಾಡಿದ ಕಾಲರಾ ಲಸಿಕೆಯನ್ನು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ಕಲ್ಕತ್ತಾಕ್ಕೆ ಬಂದು ಬಸ್ತಿ ಬಸ್ತಿ ತಿರುಗಿ ಅದನ್ನು ಜನರಿಗೆ ಹಾಕಿದರು.

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಸೆಪ್ಟೆಂಬರಿನಲ್ಲಿ ಮಾಂಡ್ವಿ ಪ್ರದೇಶದಲ್ಲಿ ಡಾ. ಅಕಾಸಿಯೊ ವೀಗಾಸ್ ಅದನ್ನು ಗುರುತಿಸಿದರು. ಅಕ್ಟೋಬರಿನಲ್ಲಿ ಸರ್ಕಾರ ಹಾಫ್ಕಿನ್ ಅವರನ್ನು ಕಲ್ಕತ್ತಾದಿಂದ ಕರೆಸಿಕೊಂಡಿತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ ಮತ್ತು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಕೊಟ್ಟಿದ್ದು ಇಷ್ಟು. ಮೂರು ತಿಂಗಳಲ್ಲಿ ಲಸಿಕೆ ತಯಾರಾಯಿತು. 1897ರ ಜನವರಿ 10ರಂದು ಮತ್ತೆ ತಮ್ಮ ಮೈಗೇ, ಅದೂ 10 ಸಿಸಿ. ಜ್ವರ ಬಂತು, ನೋವು ಬಂತು, ಹೋಯಿತು.

ಆ ಲಸಿಕೆ ತಯಾರಾಗುತ್ತಿದ್ದ ರೀತಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ನನ್ನ ವಿಷಯದ ಚರಿತ್ರೆಯಲ್ಲಿ ನನಗೆ ತುಂಬ ಇಷ್ಟವಾದ ಚಿತ್ರ ಇದು.

ಬ್ಯಾಕ್ಟೀರಿಯಾ ಬೆಳೆಸಲು ಮಾಂಸದ ಸಾರು ಬೇಕು. ಯುರೋಪಿನಲ್ಲಿ ದನದ ಮಾಂಸ ಬಳಸುತ್ತಿದ್ದರು. ಇಲ್ಲಿ ಅದನ್ನು ಬಳಸಿ ಮಾಡಿದ್ದನ್ನು ಹಿಂದೂಗಳು ಮೈಗೆ ಹಾಕಿಸಿಕೊಳ್ಳುವುದಿಲ್ಲ, ಹಂದಿಯದಾದರೆ ಮುಸ್ಲಿಮರು ಹಾಕಿಸಿಕೊಳ್ಳುವುದಿಲ್ಲ. ಹಾಫ್ಕಿನ್ ಆಡಿನ ಮಾಂಸ ತೆಗೆದುಕೊಂಡರು. ಅದನ್ನು ಆಸಿಡ್‌ನಲ್ಲಿ ಕರಗಿಸಿ ತಿಳಿಸಾರು ಮಾಡಿ ಗಾಜಿನ ಫ್ಲಾಸ್ಕಿಗೆ ತುಂಬಿದರು. ಆಮೇಲೆ ಅದರ ಮೇಲೆ ಕೆಲವು ತೊಟ್ಟು ತುಪ್ಪ ಬಿಟ್ಟರು. ತುಪ್ಪ ಇಲ್ಲದಿದ್ದರೆ ಕೊಬ್ಬರಿ ಎಣ್ಣೆ. ಹೌದು, ನಮ್ಮ ಅಡುಗೆಮನೆಯ ತುಪ್ಪವೇ.

ತುಪ್ಪದ ಹನಿ ಸಾರಿನ ಮೇಲೆ ತೇಲುತ್ತದೆ. ಪ್ಲೇಗಿನ ಬ್ಯಾಕ್ಟೀರಿಯಾ ಆ ಹನಿಯ ಅಡಿಯನ್ನು ಹಿಡಿದುಕೊಂಡು ಕೆಳಮುಖವಾಗಿ ಬೆಳೆಯುತ್ತದೆ. ದಿನ ಕಳೆದಂತೆ ಸಾರಿನೊಳಗೆ ಬಿಳಿ ಎಳೆಗಳು ಇಳಿಬೀಳುತ್ತವೆ, ಆಲದ ಮರದ ಬಿಳಲಿನ ಹಾಗೆ. ಸುತ್ತಲಿನ ಸಾರು ಮಾತ್ರ ತಿಳಿಯಾಗಿಯೇ ಇರುತ್ತದೆ. ಫ್ಲಾಸ್ಕನ್ನು ಮುಟ್ಟಬಾರದು, ಮೇಜು ಅಲುಗಬಾರದು. ಚೂರು ಅಲುಗಾಡಿದರೂ ಬಿಳಲುಗಳು ಕಡಿದು, ಮಂಜು ಉದುರಿದಂತೆ ತಳಕ್ಕೆ ಇಳಿಯುತ್ತವೆ. ಹಾಫ್ಕಿನ್ ಬೇಕೆಂದೇ ಕೆಲವು ದಿನಕ್ಕೊಮ್ಮೆ ಅಲುಗಾಡಿಸಿ ಉದುರಿಸುತ್ತಿದ್ದರು. ತುಪ್ಪದ ಕೆಳಗೆ ಮತ್ತೆ ಹೊಸ ಬೆಳೆ. ಹೀಗೆ ಐದಾರು ವಾರ. ಕೊನೆಗೆ ಫ್ಲಾಸ್ಕನ್ನು ಸುಮಾರು 65ರಿಂದ 70 ಡಿಗ್ರಿ ಬಿಸಿಯಲ್ಲಿ ಒಂದು ಗಂಟೆ ಇಟ್ಟರೆ ಪ್ಲೇಗಿನ ಬ್ಯಾಕ್ಟೀರಿಯಾ ಸಾಯುತ್ತದೆ. ಸತ್ತ ಬ್ಯಾಕ್ಟೀರಿಯಾವೇ ಲಸಿಕೆ. ಬೇರೆ ಯಾವುದೂ ಅದರಲ್ಲಿ ಬೆಳೆಯದಿರಲಿ ಅಂತ ಶೇ 0.5ರಷ್ಟು ಕಾರ್ಬಾಲಿಕ್ ಆಸಿಡ್ ಸೇರಿಸುತ್ತಿದ್ದರು. ಈ ಕಾರ್ಬಾಲಿಕ್ ವಿಷಯ ನೆನಪಿಡಿ, ಮುಂದೆ ಬರುತ್ತದೆ.

ಲಸಿಕೆ ಕೆಲಸ ಮಾಡಿತು. ಮುಂಬೈನ ಬೈಕುಲ್ಲಾ ಜೈಲಿನಲ್ಲಿ ಪ್ಲೇಗ್ ಹೊಕ್ಕಾಗ ಕೈದಿಗಳಲ್ಲಿ ಇಷ್ಟಪಟ್ಟವರಿಗೆ ಹಾಕಿದರು. ಹಾಕಿಸಿಕೊಳ್ಳದವರಲ್ಲಿ 12 ಜನಕ್ಕೆ ರೋಗ ಬಂತು, 6 ಜನ ಸತ್ತರು. ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಬಂತು, ಇಬ್ಬರೂ ಉಳಿದರು.

ನಮ್ಮ ಕಡೆಗೂ ಅದು ಬೇಗ ಬಂತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗ್ ಜೋರಾಯಿತು. ರೈಲ್ವೆ ಊರು, ಹತ್ತಿ ಮತ್ತು ಕಾಳಿನ ವ್ಯಾಪಾರದ ಊರು, ಇಲಿಗಳಿಗೆ ಏನು ಕಮ್ಮಿ? ಅಲ್ಲಿದ್ದ ಸರ್ಜನ್ ಲಾಯ್ಮನ್ ಎಂಬವರು ಹಾಫ್ಕಿನ್ ಲಸಿಕೆಯನ್ನು ಊರಿಗೆ ಊರೇ ಹಾಕಿಸಿಕೊಳ್ಳುವಷ್ಟು ಹಬ್ಬಿಸಿದರು. 30 ಸಾವಿರಕ್ಕೂ ಜಾಸ್ತಿ ಜನ ಹಾಕಿಸಿಕೊಂಡರು. ಆಗಿನ ಕಾಲದಲ್ಲಿ ಒಂದೇ ಊರಿನಲ್ಲಿ ಇಷ್ಟು ಜನ ತೋಳು ಕೊಟ್ಟಿದ್ದು ದೊಡ್ಡ ಸಂಗತಿ. ಅದೇ ವರ್ಷ ಆಗಸ್ಟಿನಲ್ಲಿ ಹುಬ್ಬಳ್ಳಿ ಕಡೆಯ ರೈಲಿನಲ್ಲಿ ರೋಗ ಬೆಂಗಳೂರಿಗೂ ಇಳಿಯಿತು. ಇಲಿ ಸತ್ತು ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲ ಅದು. ಬೆಂಗಳೂರಿನ ಗಲ್ಲಿಗಳಲ್ಲಿ ಇವತ್ತಿಗೂ ಪ್ಲೇಗಮ್ಮನ ಗುಡಿಗಳಿವೆ. ಮುಂದಿನ ಸಲ ಒಂದು ಗುಡಿಯ ಮುಂದೆ ಹಾದರೆ ನಿಂತು ನೋಡಿ. ಕೈಮುಗಿಯಲು ಬಂದವರು ಎಂಥಾ ಭಯದಲ್ಲಿದ್ದರು ಅನ್ನುವುದು ಆ ಹೆಸರಿನಲ್ಲೇ ಇದೆ.

1902ರ ಹೊತ್ತಿಗೆ ಪಂಜಾಬಿನಲ್ಲಿ ಪ್ಲೇಗ್ ಹಿಡಿತಕ್ಕೆ ಸಿಗದಂತಾಗಿತ್ತು. ಅಲ್ಲಿನ ಸರ್ಕಾರ ಹಳ್ಳಿ ಹಳ್ಳಿಗೂ ಲಸಿಕೆ ಹಾಕುವ ದೊಡ್ಡ ಯೋಜನೆ ಹಾಕಿತು. ಲಕ್ಷಾಂತರ ಡೋಸ್ ಬೇಕು, ಅದೂ ಚಳಿಗಾಲಕ್ಕೆ ಮುಂಚೆ. ತುಪ್ಪದ ಬಿಳಲಿಗೆ ವಾರಗಟ್ಟಲೆ ಕಾಯುತ್ತಾ ಕೂತರೆ ಆಗುವ ಕೆಲಸವಲ್ಲ. ಹಾಫ್ಕಿನ್ ತಯಾರಿಯ ವಿಧಾನ ಬದಲಿಸಿದರು. ಬ್ಯಾಕ್ಟೀರಿಯಾವನ್ನು ಅಗಾರ್ ಎಂಬ ಗಟ್ಟಿ ಜೆಲ್ಲಿಯ ಮೇಲೆ ಬೇಗ ಬೆಳೆಸುವುದು, ಬಿಸಿಯಿಂದಲೇ ಸಾಯಿಸುವುದು, ಕಾರ್ಬಾಲಿಕ್ ಸೇರಿಸದೇ ಇರುವುದು. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಬರೀ ಬಿಸಿಯ ವಿಧಾನ ಎರಡು ವರ್ಷದಿಂದ ತೊಂದರೆಯಿಲ್ಲದೆ ನಡೆದಿತ್ತು. ಬ್ರಿಟಿಷ್ ಅಧಿಕಾರಿಗಳಿಗೆ ಮಾತ್ರ ಅದು ಹೊಸದು.

53 ಎನ್ ಬಾಟಲಿ ತುಂಬಿದ್ದು ಹಳ್ಳಿಯಲ್ಲಿ ಬಿಚ್ಚುವುದಕ್ಕೆ 41 ದಿನ ಮುಂಚೆ. ಈ 41 ಎಂಬ ಸಂಖ್ಯೆಯನ್ನೂ ನೆನಪಿಡಿ.

ಸಾವುಗಳ ಸುದ್ದಿ ಹರಡಿದ ಕೂಡಲೇ ಪಂಜಾಬಿನ ಲಸಿಕೆ ಯೋಜನೆ ಕುಸಿಯಿತು. ಬಾಟಲಿಯಲ್ಲಿ ಉಳಿದಿದ್ದ ಲಸಿಕೆಯನ್ನು ಪರೀಕ್ಷಿಸಿದಾಗ ಧನುರ್ವಾಯುವಿನ ರೋಗಾಣು ಸಿಕ್ಕಿತು. ಅಲ್ಲಿಗೆ 19 ಜನರನ್ನು ಕೊಂದಿದ್ದು ಯಾವುದು ಅನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ. ಯಾವಾಗ ಒಳಗೆ ಹೋಯಿತು? ಅದು ಪ್ರಶ್ನೆ. ಪರೇಲ್‌ನಲ್ಲಿ ತುಂಬುವಾಗಲೋ, ಮುಲ್ಕೋವಾಲ್‌ನಲ್ಲಿ ಬಿರಡೆ ತೆಗೆಯುವಾಗಲೋ? ಮೊದಲನೆಯದಾದರೆ ತಪ್ಪು ಲ್ಯಾಬಿನದು, ಅಂದರೆ ಹಾಫ್ಕಿನ್ ಅವರದು. ಎರಡನೆಯದಾದರೆ ಸೂಜಿ ಹಾಕಿದ ಕಡೆಯದು.

ಸರ್ಕಾರ ಮೂವರ ಆಯೋಗ ಮಾಡಿತು. ಬಾಂಬೆಯ ಮುಖ್ಯ ನ್ಯಾಯಮೂರ್ತಿ ಸರ್ ಲಾರೆನ್ಸ್ ಜೆಂಕಿನ್ಸ್, ಕಲ್ಕತ್ತಾ ಮೆಡಿಕಲ್ ಕಾಲೇಜಿನ ಬೊಮ್‌ಫೋರ್ಡ್, ಕಸೌಲಿಯ ಪಾಶ್ಚರ್ ಸಂಸ್ಥೆಯ ಡೇವಿಡ್ ಸೆಂಪಲ್. ಇವರು ಸಾಮಾನ್ಯರಲ್ಲ. ಸೆಂಪಲ್ ಮುಂದೆ ಹುಚ್ಚುನಾಯಿ ಕಡಿತಕ್ಕೆ ಮಾಡಿದ ಲಸಿಕೆಯನ್ನೇ ನಮ್ಮ ದೇಶದ ಆಸ್ಪತ್ರೆಗಳು ದಶಕಗಟ್ಟಲೆ ಹೊಟ್ಟೆಯ ಸುತ್ತ ಚುಚ್ಚುತ್ತಿದ್ದವು. ಆಯೋಗ ವಿಚಾರಣೆ ಮಾಡಿ ತೀರ್ಮಾನ ಕೊಟ್ಟಿತು: ಮುಲ್ಕೋವಾಲ್‌ನಲ್ಲಿ ಬಿಚ್ಚುವ ಮುಂಚೆಯೇ ಬಾಟಲಿಯಲ್ಲಿ ರೋಗಾಣು ಇತ್ತು. ಕಾರ್ಬಾಲಿಕ್ ಕೈಬಿಟ್ಟಿದ್ದು ದೊಡ್ಡ ತಪ್ಪು. ಹಾಫ್ಕಿನ್ ಅವರನ್ನು ಹುದ್ದೆಯಿಂದ ಅಮಾನತು ಮಾಡಿದರು. 1904ರಲ್ಲಿ ಅವರು ಭಾರತ ಬಿಟ್ಟು ಹೋದರು.

ಆಯೋಗದ ಅನುಮಾನ ತಲೆಬುಡವಿಲ್ಲದ್ದು ಅಂತ ನಾನು ಹೇಳುವುದಿಲ್ಲ. ಅದಕ್ಕೂ ಕಾರಣ ಇತ್ತು. ಧನುರ್ವಾಯುವಿನ ಬ್ಯಾಕ್ಟೀರಿಯಾವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಆ ಕಾರಣವೂ ಗೊತ್ತಾಗುತ್ತದೆ, ಆಯೋಗ ಎಲ್ಲಿ ಎಡವಿತು ಅನ್ನುವುದೂ ಗೊತ್ತಾಗುತ್ತದೆ.

ಈ ಬ್ಯಾಕ್ಟೀರಿಯಾ ಮಣ್ಣಿನಲ್ಲಿರುತ್ತದೆ. ಕುದುರೆ ಲದ್ದಿ, ದನದ ಸಗಣಿ ಬಿದ್ದ ಮಣ್ಣಿನಲ್ಲಂತೂ ಯಥೇಚ್ಛ. 1884ರಲ್ಲಿ ನಿಕೊಲಾಯರ್ ಎಂಬ ಜರ್ಮನ್ ಡಾಕ್ಟರು ತೋಟದ ಮಣ್ಣನ್ನು ಇಲಿ, ಮೊಲಗಳ ಮೈಗೆ ಸೇರಿಸಿ ಧನುರ್ವಾಯು ತರಿಸಿ ತೋರಿಸಿದರು. ಆದರೆ ಅದನ್ನು ಬೇರೆ ಬ್ಯಾಕ್ಟೀರಿಯಾಗಳಿಂದ ಬಿಡಿಸಿ ಒಂಟಿಯಾಗಿ ಬೆಳೆಸಲು ಯಾರಿಂದಲೂ ಆಗಿರಲಿಲ್ಲ. 1889ರಲ್ಲಿ ಬರ್ಲಿನ್ನಿನಲ್ಲಿದ್ದ ಜಪಾನಿನ ಕಿಟಾಸಾಟೊ ಅದನ್ನು ಮಾಡಿದರು. ಅವರ ಉಪಾಯ ಎಷ್ಟು ಸರಳ ನೋಡಿ. ಎಲ್ಲ ಬೆರೆತ ಟ್ಯೂಬನ್ನು 80 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ ಇಟ್ಟರು. ಉಳಿದವೆಲ್ಲ ಸತ್ತವು, ಇದೊಂದು ಉಳಿಯಿತು. ಆಮೇಲೆ ಗಾಳಿ ತೆಗೆದು ಹೈಡ್ರೋಜನ್ ತುಂಬಿ ಬೆಳೆಸಿದರು, ಯಾಕೆಂದರೆ ಇದಕ್ಕೆ ಆಮ್ಲಜನಕ ಆಗಿಬರುವುದಿಲ್ಲ.

80 ಡಿಗ್ರಿಯಲ್ಲಿ ಇದೊಂದೇ ಯಾಕೆ ಉಳಿಯಿತು? ಇದಕ್ಕೆ ಸ್ಪೋರ್ ಕಟ್ಟುವ ಶಕ್ತಿ ಇದೆ. ಕಷ್ಟ ಬಂದಾಗ ಒಂದು ತುದಿಯಲ್ಲಿ ಗಟ್ಟಿ ಕವಚದ ಗುಂಡೊಂದನ್ನು ಕಟ್ಟಿಕೊಳ್ಳುತ್ತದೆ. ಒಣಗಿದರೂ ಸಾಯದ ಬೀಜದ ಹಾಗೆ. ಸ್ಲೈಡಿಗೆ ಬಣ್ಣ ಹಾಕಿ ನೋಡಿದರೆ ಸಣ್ಣ ಕಡ್ಡಿ, ತುದಿಗೆ ಉಂಡೆ. ನಗಾರಿ ಬಾರಿಸುವ ಕೋಲಿನ ಹಾಗೇ ಕಾಣುತ್ತದೆ. ಮಕ್ಕಳು ಇದನ್ನು ಮೊದಲ ಸಲ ನೋಡಿದಾಗ ಕಣ್ಣು ತೆಗೆಯುವುದೇ ಇಲ್ಲ. ಇಷ್ಟು ಮುದ್ದಾಗಿರುವುದು ಮನುಷ್ಯನ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸುತ್ತದಾ ಅಂತ ಕೇಳುತ್ತಾರೆ. ಅದು ಬಿಡುವ ವಿಷ ಅಷ್ಟು ಭಯಂಕರ. ಕಣ್ಣಿಗೆ ಕಾಣದಷ್ಟು ಸಾಕು.

ಈಗ ಆಯೋಗದ ಅನುಮಾನಕ್ಕೆ ಬನ್ನಿ. ಪ್ಲೇಗಿನ ಬ್ಯಾಕ್ಟೀರಿಯಾವನ್ನು ಸಾಯಿಸುವ 65 ಡಿಗ್ರಿ ಬಿಸಿ ಧನುರ್ವಾಯುವಿನ ಸ್ಪೋರಿಗೆ ಏನೂ ಮಾಡುವುದಿಲ್ಲ. ಹಾಗಾಗಿ ಲ್ಯಾಬಿನಲ್ಲಿ ಯಾವ ಹಂತದಲ್ಲಾದರೂ ಮಣ್ಣಿನ ಕಣ ಸೇರಿದ್ದರೆ ಅದು ಉಳಿದುಬಿಡಬಹುದಿತ್ತು. ಬಿರಡೆ ಬಿಗಿದ ಬಾಟಲಿಯೊಳಗೆ ಗಾಳಿಯೂ ಕಮ್ಮಿ. ಅದಕ್ಕೆ ಬೇಕಾದ್ದೂ ಅದೇ. ಇಲ್ಲಿಯವರೆಗೆ ಆಯೋಗದ ಲೆಕ್ಕ ಸರಿ.

ಆದರೆ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಿದರು. ಹಾಗೆ ಸೇರಿದ್ದರೆ ಮುಂದೇನಾಗಬೇಕಿತ್ತು? ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ನಮ್ಮ ದೇಶದ ಸೆಕೆಯಲ್ಲಿ 41 ದಿನ. ಆ ಬ್ಯಾಕ್ಟೀರಿಯಾ ಸುಮ್ನೆ ಕೂತಿರುವುದಿಲ್ಲ, ಬೆಳೆಯುತ್ತದೆ. ಬೆಳೆದರೆ ನಾರುತ್ತದೆ. ಆಮ್ಲಜನಕ ಬೇಡದ ಇಂಥ ಬ್ಯಾಕ್ಟೀರಿಯಾ ಬೆಳೆದ ಟ್ಯೂಬಿನ ಮುಚ್ಚಳ ತೆಗೆದರೆ ಏನೋ ಸುಟ್ಟು ಕೊಳೆತಂಥ ವಾಸನೆ ಮೂಗಿಗೆ ಹೊಡೆಯುತ್ತದೆ. ಪಕ್ಕದ ಕೋಣೆಯವರು ಬಂದು ಕೇಳುತ್ತಾರೆ. 41 ದಿನ ಮುಚ್ಚಿಟ್ಟ ಬಾಟಲಿ ಬಿಚ್ಚಿದರೆ ಗೊತ್ತಾಗದೆ ಇರುತ್ತದಾ?

ಮುಲ್ಕೋವಾಲ್‌ನಲ್ಲಿ ಸೂಜಿ ಹಾಕಿದವರು ಡಾ. ಎಲಿಯಟ್. ಬಾಟಲಿಯನ್ನು ಮೂಸಿ ನೋಡಿದ್ದೆ, ಕೆಟ್ಟ ವಾಸನೆ ಇರಲಿಲ್ಲ ಎಂದು ಅವರೇ ಹೇಳಿದ್ದರು. ಆ ಒಂದು ಮಾತಿಗೆ ಬರಬೇಕಾದ ತೂಕ ಬರಲಿಲ್ಲ.

ಇನ್ನೊಂದು, ದಿನಗಳ ಲೆಕ್ಕ. 41 ದಿನ ಬೆಳೆದಿದ್ದರೆ ಬಾಟಲಿಯಲ್ಲಿ ಬ್ಯಾಕ್ಟೀರಿಯಾದ ಜೊತೆ ಅದರ ವಿಷವೂ ತುಂಬಿರಬೇಕು. ಸಿದ್ಧವಾದ ವಿಷ ನೇರವಾಗಿ ಮೈಗೆ ಹೋದರೆ ದವಡೆ ಹಿಡಿಯಲು ಒಂದು ವಾರ ಕಾಯಬೇಕಾಗಿಲ್ಲ, ಎರಡು ಮೂರು ದಿನದಲ್ಲೇ ಶುರುವಾಗಬೇಕು. ಇಲ್ಲಿ ಒಂದು ವಾರ ಹಿಡಿಯಿತು. ಮುಳ್ಳು ಚುಚ್ಚಿಯೋ ಗಾಯದಲ್ಲಿ ಮಣ್ಣು ಸೇರಿಯೋ ಧನುರ್ವಾಯು ಬರುವಾಗ ಹಿಡಿಯುವಷ್ಟೇ ಹೊತ್ತು.

ಕಾರ್ಬಾಲಿಕ್ ವಿಷಯವೂ ಅಷ್ಟೇ. ಧನುರ್ವಾಯುವಿನ ಸ್ಪೋರನ್ನು ಕಾರ್ಬಾಲಿಕ್ ಎಷ್ಟು ಹೊತ್ತಿಗೆ ಸಾಯಿಸುತ್ತದೆ ಎಂದು ಕಿಟಾಸಾಟೊ ಆಗಲೇ ಅಳೆದಿದ್ದರು. ಶೇ 5ರ ದ್ರಾವಣದಲ್ಲೂ ಗಂಟೆಗಟ್ಟಲೆ ಬೇಕು, ಹತ್ತು ಹದಿನೈದು ಗಂಟೆ. ಲಸಿಕೆಗೆ ಹಾಕುತ್ತಿದ್ದದ್ದು ಅದರ ಹತ್ತನೆಯ ಒಂದು ಪಾಲು. ಅದು ಸ್ಪೋರನ್ನು ಸಾಯಿಸುತ್ತಿರಲಿಲ್ಲ. ಹೆಚ್ಚೆಂದರೆ ಬೆಳೆಯದಂತೆ ತಡೆಯುತ್ತಿತ್ತು. ಹಾಗಾಗಿ ಕಾರ್ಬಾಲಿಕ್ ಕೈಬಿಟ್ಟಿದ್ದೇ ಸಾವಿಗೆ ಕಾರಣ ಅನ್ನಬೇಕಾದರೆ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆದಿತ್ತು ಅನ್ನಬೇಕು. ಬೆಳೆದಿತ್ತು ಅಂದರೆ ವಾಸನೆ ಎಲ್ಲಿ? ಸುತ್ತಿ ಸುತ್ತಿ ಮೂಸಿ ನೋಡಿದ ಆ ಮಾತಿಗೇ ಬರುತ್ತೇವೆ.

ಈಗ ಚಿಮುಟದ ಕಥೆ.

ಬಾಟಲಿಯ ಬಿರಡೆಯನ್ನು ಕೈಯಿಂದ ಮುಟ್ಟಬಾರದು ಅಂತ ಚಿಮುಟದಿಂದ ಕೀಳುತ್ತಿದ್ದರು. ಅವತ್ತು 53 ಎನ್ ಬಾಟಲಿಯ ಸರದಿ ಬಂದಾಗ ಸಹಾಯಕನ ಕೈಯಿಂದ ಚಿಮುಟ ಜಾರಿ ನೆಲಕ್ಕೆ ಬಿತ್ತು. ಹಳ್ಳಿಯ ನೆಲ. ಜಾನುವಾರು ಓಡಾಡುವ ಮಣ್ಣು. ಅದನ್ನು ಎತ್ತಿ ಕಾರ್ಬಾಲಿಕ್ ನೀರಿನಲ್ಲಿ ಅಲುಗಾಡಿಸಿ, ಅದರಿಂದಲೇ ಬಿರಡೆ ಕಿತ್ತರು. ಬೆಂಕಿಗೆ ಹಿಡಿಯಲಿಲ್ಲ, ಕುದಿಸಲಿಲ್ಲ.

ಆ ಸಹಾಯಕನ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ನೂರಕ್ಕೂ ಹೆಚ್ಚು ಜನ ಸುತ್ತ ನಿಂತಿದ್ದಾರೆ, ಮಕ್ಕಳು ಅಳುತ್ತಿವೆ, ಡಾಕ್ಟರು ಕಾಯುತ್ತಿದ್ದಾರೆ. ಔಷಧಿ ನೀರಿನಲ್ಲಿ ಅದ್ದಿದರೆ ಶುದ್ಧವಾಯಿತು ಅಂತ ಅವನು ನಂಬಿದ್ದ. ಮಣ್ಣು ತೊಳೆದು ಹೋಗುವುದನ್ನು ಅವನು ಕಣ್ಣಾರೆ ನೋಡಿದ. ಕಾಣದೆ ಉಳಿದದ್ದು ಉಳಿಯಿತು. ಹತ್ತು ಹದಿನೈದು ಗಂಟೆ ಬೇಕಾದ ಜಾಗದಲ್ಲಿ ಹತ್ತು ಹದಿನೈದು ಸೆಕೆಂಡು ಅದ್ದಿದರೆ ಏನಾದೀತು ಎಂದು ಅವನಿಗೆ ಯಾರು ಹೇಳಿಕೊಟ್ಟಿದ್ದರು?

ನಮ್ಮ ಲ್ಯಾಬಿನಲ್ಲಿ ಮಕ್ಕಳ ಕೈಯಿಂದ ಚಿಮುಟ ದಿನಕ್ಕೊಂದು ಸಲವಾದರೂ ಬೀಳುತ್ತದೆ. ಟಣ್ ಅಂತ ಶಬ್ದ ಬಂದ ಕೂಡಲೇ ಎಲ್ಲರ ತಲೆಯೂ ಆ ಕಡೆ ತಿರುಗುತ್ತದೆ. ಎತ್ತಿಕೊಂಡು ಕೋಟಿಗೆ ಒರೆಸಿ ಮತ್ತೆ ಕೆಲಸಕ್ಕೆ ಕೈ ಹಾಕುವುದು ಮನುಷ್ಯನ ಸಹಜ ಚಾಳಿ. ನಾನೂ ಓದುವ ಕಾಲದಲ್ಲಿ ಹಾಗೆ ಮಾಡಿದ್ದೇನೆ, ಮೇಡಂ ಕೈ ಹಿಡಿದು ನಿಲ್ಲಿಸಿದ್ದರು. ಈಗ ನಾನು ಮಕ್ಕಳ ಕೈ ಹಿಡಿಯುತ್ತೇನೆ. ಬಿದ್ದದ್ದನ್ನು ಬಕೆಟ್ಟಿಗೆ ಹಾಕು, ಇನ್ನೊಂದು ತಗೋ. ಅದು ಆಟೋಕ್ಲೇವಿನಲ್ಲಿ 121 ಡಿಗ್ರಿ ಹಬೆಯಲ್ಲಿ ಬೆಂದು ಬರಲಿ. ಪ್ರೆಶರ್ ಕುಕ್ಕರ್ ಇದ್ದ ಹಾಗೆ ಅದು. ಸ್ಪೋರ್ ಸಾಯುವುದು ಅಲ್ಲಿ.

ಚಿಮುಟ ಬಿದ್ದ ವಿಷಯವಾಗಲಿ, ವಾಸನೆ ಇರಲಿಲ್ಲ ಎಂಬ ಮಾತಾಗಲಿ ತುಂಬಾ ದಿನ ಹೊರಗೆ ಬರಲಿಲ್ಲ. ಲಂಡನ್ನಿನ ಲಿಸ್ಟರ್ ಸಂಸ್ಥೆಗೂ ಸರ್ಕಾರ ಕಾಗದಪತ್ರ ಕೊಟ್ಟು ಅಭಿಪ್ರಾಯ ಕೇಳಿತ್ತು. ಅವರು ಆಯೋಗದ ಮಾತು ಒಪ್ಪಲಿಲ್ಲ. ಹಳ್ಳಿಯಲ್ಲಿ ಸೂಜಿ ಹಾಕುವ ಹೊತ್ತಿನಲ್ಲೇ ರೋಗಾಣು ಸೇರಿರುವ ಸಾಧ್ಯತೆ ಹೆಚ್ಚು ಎಂದರು. ಆದರೂ ಹಾಫ್ಕಿನ್ ಅವರ ಹುದ್ದೆ ವಾಪಸ್ ಬರಲಿಲ್ಲ. 1906ರ ಕೊನೆಯಲ್ಲಿ ವಿಚಾರಣೆಯ ಕಾಗದಗಳು ಸರ್ಕಾರದ ಗೆಜೆಟ್‌ನಲ್ಲಿ ಪ್ರಕಟವಾದವು. ಆಗ ಅವು ಮೈಕ್ರೋಬಯಾಲಜಿ ಗೊತ್ತಿದ್ದವರ ಕೈಗೆ ಸಿಕ್ಕವು.

ಮೊದಲು ಎದ್ದು ನಿಂತವರಲ್ಲಿ ರೊನಾಲ್ಡ್ ರಾಸ್ ಒಬ್ಬರು. ಸೊಳ್ಳೆಯಿಂದ ಮಲೇರಿಯಾ ಹರಡುವುದನ್ನು ತೋರಿಸಿ 1902ರಲ್ಲಿ, ಅಂದರೆ ಮುಲ್ಕೋವಾಲ್ ನಡೆದ ವರ್ಷವೇ, ನೊಬೆಲ್ ಪಡೆದವರು. ಹುಟ್ಟಿದ್ದು ಅಲ್ಮೋರಾದಲ್ಲಿ. ಬೆಂಗಳೂರಿನಲ್ಲೂ ಎರಡು ಸಲ ಕೆಲಸ ಮಾಡಿದ್ದರು. 1880ರ ದಶಕದಲ್ಲಿ ಬೆಂಗಳೂರಿನ ತಮ್ಮ ಬಂಗಲೆಯ ನೀರಿನ ಪೀಪಾಯಿಯಲ್ಲಿ ಸೊಳ್ಳೆ ಮರಿಗಳನ್ನು ಕಂಡು, ನೀರು ಚೆಲ್ಲಿಸಿ ಸೊಳ್ಳೆ ಕಮ್ಮಿಯಾಗಿದ್ದನ್ನು ಗಮನಿಸಿದ್ದರು. 1895ರಲ್ಲಿ ಮತ್ತೆ ಬಂದಾಗ ಊರಿನ ಕಾಲರಾ ಮತ್ತು ಚರಂಡಿಗಳ ಕೆಲಸ. ಕೊಳಕು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಬೀದಿ ಬೀದಿಯಲ್ಲಿ ಹಿಂಬಾಲಿಸಿ ಗೊತ್ತಿದ್ದ ಮನುಷ್ಯ. ಮುಲ್ಕೋವಾಲ್ ಕಾಗದಗಳನ್ನು ಅವರು ಓದಿದ್ದೂ ಅದೇ ಕಣ್ಣಿನಿಂದ ಅಂತ ನನಗೆ ಅನಿಸುತ್ತದೆ.

1907ರ ಮಾರ್ಚಿನಲ್ಲಿ ರಾಸ್ ನೇಚರ್ ಪತ್ರಿಕೆಯಲ್ಲಿ ಬರೆದರು. ಜುಲೈ 29ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಒಂದು ಪತ್ರ ಬಂತು. ಕೆಳಗೆ ಹತ್ತು ಜನರ ಸಹಿ. ರಾಸ್ ಜೊತೆ ಲಂಡನ್ನಿನ ಸಿಂಪ್ಸನ್, ಕೇಂಬ್ರಿಡ್ಜಿನ ಸಿಮ್ಸ್ ವುಡ್‌ಹೆಡ್, ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಸೈಮನ್ ಫ್ಲೆಕ್ಸ್‌ನರ್. ಬ್ಯಾಕ್ಟೀರಿಯಾ ವಿಷಯದಲ್ಲಿ ಆಗಿನ ದೊಡ್ಡ ತಲೆಗಳು. ಅವರ ಮಾತಿನ ಸಾರ ಇಷ್ಟೇ: ಲ್ಯಾಬಿನಲ್ಲಿ ರೋಗಾಣು ಸೇರಿತು ಅನ್ನುವುದಕ್ಕೆ ಆಧಾರವಿಲ್ಲ, ಹಳ್ಳಿಯಲ್ಲಿ ಸೇರಿತು ಅನ್ನುವುದಕ್ಕೆ ಇದೆ. ವಾಸನೆ, ದಿನಗಳ ಲೆಕ್ಕ, ಚಿಮುಟ. ಆ ಬ್ಯಾಕ್ಟೀರಿಯಾದ ಬದುಕು ಗೊತ್ತಿದ್ದ ಯಾರಿಗಾದರೂ ಕಾಣುವ ವಿಷಯಗಳು.

ಆ ದಿನಗಳಲ್ಲಿ ಈ ಪ್ರಕರಣವನ್ನು ಡ್ರೈಫಸ್ ಪ್ರಕರಣಕ್ಕೆ ಹೋಲಿಸಿ ಮಾತಾಡಿಕೊಂಡರು. ಫ್ರಾನ್ಸಿನ ಸೈನ್ಯದಲ್ಲಿದ್ದ ಯಹೂದಿ ಅಧಿಕಾರಿ ಡ್ರೈಫಸ್, ಮಾಡದ ತಪ್ಪಿಗೆ 1894ರಲ್ಲಿ ಶಿಕ್ಷೆಗೊಳಗಾಗಿ 1906ರಲ್ಲಷ್ಟೇ ನಿರ್ದೋಷಿ ಎಂಬ ತೀರ್ಪು ಪಡೆದವರು. ಹಾಫ್ಕಿನ್ ಯಹೂದಿ, ರಷ್ಯಾ ಕಡೆಯವರು, ಪಳಗಿದ್ದು ಫ್ರಾನ್ಸಿನಲ್ಲಿ, ವೈದ್ಯ ಪದವಿ ಇಲ್ಲದವರು. ಬ್ರಿಟಿಷ್ ಮಿಲಿಟರಿ ಡಾಕ್ಟರುಗಳ ನಡುವೆ ಹೊರಗಿನವರು. ಒಳಗಿನವರಾಗಿದ್ದರೆ ಅನುಮಾನದ ಲಾಭ ಅವರಿಗೆ ಇಷ್ಟು ತಡವಾಗಿ ಸಿಗುತ್ತಿರಲಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಒಂದು ಪ್ರಶ್ನೆಯನ್ನು ಬುದ್ಧಿವಂತ ಮಕ್ಕಳು ತಪ್ಪದೆ ಕೇಳುತ್ತಾರೆ. ಒಂದು ಚಿಮುಟದ ತುದಿಯ ಮಣ್ಣು 19 ಜನರಿಗೂ ಹೇಗೆ ಸಮನಾಗಿ ಹಂಚಿಹೋಯಿತು? ಒಬ್ಬರಾದರೂ ತಪ್ಪಿಸಿಕೊಳ್ಳಬೇಕಿತ್ತಲ್ವಾ? ಒಳ್ಳೆಯ ಪ್ರಶ್ನೆ. ಲಸಿಕೆಯಲ್ಲಿ ಸತ್ತ ಬ್ಯಾಕ್ಟೀರಿಯಾ ತಳಕ್ಕೆ ಇಳಿದಿರುತ್ತದೆ, ಹಾಗಾಗಿ ಬಾಟಲಿಯನ್ನು ಕಲಕಿಯೇ ಸೂಜಿಗೆ ಎಳೆದುಕೊಳ್ಳಬೇಕು. ಕಲಕಿದಾಗ ಸ್ಪೋರ್ ಎಲ್ಲ ಕಡೆ ಹರಡಿರುತ್ತದೆ ಎಂದು ಉತ್ತರ ಕೊಡುತ್ತೇನೆ. 19ಕ್ಕೆ 19 ಅನ್ನುವುದು ನನ್ನನ್ನೂ ಕಾಡುತ್ತದೆ, ಅದನ್ನೂ ಹೇಳುತ್ತೇನೆ. ಆದರೆ ಆಯೋಗದ ಕಥೆ ನಂಬಬೇಕಾದರೆ ನಾರದೆ 41 ದಿನ ಬೆಳೆದ ಬ್ಯಾಕ್ಟೀರಿಯಾವನ್ನು ನಂಬಬೇಕು. ಅದು ಇನ್ನೂ ಕಷ್ಟ.

1907ರ ನವೆಂಬರಿನಲ್ಲಿ ಸರ್ಕಾರ ಹಾಫ್ಕಿನ್ ಅವರನ್ನು ಮತ್ತೆ ಕೆಲಸಕ್ಕೆ ಕರೆಯಿತು. ಅದೇ 1907ರಲ್ಲಿ ಭಾರತದಲ್ಲಿ ಪ್ಲೇಗಿನಿಂದ ಸತ್ತವರು 10 ಲಕ್ಷಕ್ಕೂ ಜಾಸ್ತಿ. ಅದರಲ್ಲಿ ದೊಡ್ಡ ಪಾಲು ಪಂಜಾಬಿನದು. ಮುಲ್ಕೋವಾಲ್ ಆದ ಮೇಲೆ ತೋಳು ಕೊಡಲು ಹೆದರಿದ ಪಂಜಾಬು ಅದು. ಆ ಸಂಖ್ಯೆ ಓದುವಾಗೆಲ್ಲ ನೆಲಕ್ಕೆ ಬಿದ್ದ ಆ ಚಿಮುಟದ ಟಣ್ ಶಬ್ದ ನನ್ನ ಕಿವಿಯಲ್ಲಿ ಕೇಳಿದಂತಾಗುತ್ತದೆ.

ಅವರು ಬಂದರು. ಮುಂಬೈನ ಜಾಗ ಬೇರೆಯವರ ಕೈಯಲ್ಲಿತ್ತು. ಕಲ್ಕತ್ತಾದಲ್ಲಿ ಲ್ಯಾಬ್ ಕೊಟ್ಟರು. ಆದರೆ ಹೊಸ ಲಸಿಕೆ ಮಾಡಿ ಜನರಿಗೆ ಹಾಕಿ ನೋಡುವ ಕೆಲಸಕ್ಕೆ ಅನುಮತಿ ಇರಲಿಲ್ಲ. ಎರಡು ಸಲ ತಮ್ಮ ಮೈಗೆ ಮೊದಲು ಚುಚ್ಚಿಕೊಂಡು ಬಸ್ತಿಗಳಲ್ಲಿ ತಿರುಗಿದ ಮನುಷ್ಯ ಉಳಿದ ವರ್ಷಗಳನ್ನು ಮೇಜಿನ ಮುಂದೆ ಕಳೆದರು. 1914ರಲ್ಲಿ ನಿವೃತ್ತಿಯಾಗಿ ಯುರೋಪಿಗೆ ಹೊರಟರು.

ಪರೇಲ್‌ನ ಲ್ಯಾಬು ನಿಲ್ಲಲಿಲ್ಲ. 1897ರಿಂದ 1925ರವರೆಗೆ ಮುಂಬೈನಿಂದ 2 ಕೋಟಿ 60 ಲಕ್ಷ ಡೋಸ್ ಪ್ಲೇಗ್ ಲಸಿಕೆ ಹೊರಗೆ ಹೋಯಿತು. 1925ರಲ್ಲಿ ಆ ಸಂಸ್ಥೆಗೆ ಹಾಫ್ಕಿನ್ ಇನ್‌ಸ್ಟಿಟ್ಯೂಟ್ ಎಂದು ಹೆಸರಿಟ್ಟರು. ಇವತ್ತಿಗೂ ಅದೇ ಹೆಸರು. ಸುದ್ದಿ ತಿಳಿಸಿ ಮುಂಬೈನಿಂದ ಕಾಗದ ಹೋದಾಗ ಅವರಿಗೆ 65 ವರ್ಷ. ಮುಂಬೈನ ಕೆಲಸ ತಮ್ಮ ಬದುಕಿನ ಒಳ್ಳೆಯ ವರ್ಷಗಳನ್ನೆಲ್ಲ ಹೀರಿಕೊಂಡಿತ್ತು, ಅದಕ್ಕೆ ಸೇರಿದ ಪ್ರತಿಯೊಂದೂ ತಮಗೆ ಎಷ್ಟು ಹತ್ತಿರದ್ದು ಎಂದು ಬಿಡಿಸಿ ಹೇಳಬೇಕಾಗಿಲ್ಲ ಎನ್ನುವ ಅರ್ಥದಲ್ಲಿ ಉತ್ತರ ಬರೆದರು. ಐದು ವರ್ಷ ನಂತರ ಸ್ವಿಟ್ಜರ್ಲೆಂಡಿನ ಲೊಸಾನ್ ಊರಿನಲ್ಲಿ ತೀರಿಕೊಂಡರು.